ಕಾಲಮ್ ಓಡ್ತಾ ಇದೆ ಅಕ್ಕ

ಬಿರುಬಿಸಿಲಿನಲ್ಲಿ ಊರೆಲ್ಲ ಬೆವರೊರೆಸಿಕೊಳ್ಳುತ್ತಿರುವಾಗ, ಕಂಕುಳಲ್ಲಿ ದಪ್ಪ ಉಣ್ಣೆಯ ಸ್ವೆಟರ್ ಅವಚಿಕೊಂಡು ಬಸ್ಸಿಗೆ ಕಾಯುವ ಹೆಂಗಸನ್ನು ನೋಡಿದರೆ ಯಾರಿಗಾದರೂ ನಗು ಬರುವುದೇ. ಕಂಡಕ್ಟರಂತೂ ಒಮ್ಮೆ ಬಾಯಿಬಿಟ್ಟೇ ಕೇಳಿದ್ದ: "ಏನಮ್ಮಾ, ಹಿಮ ಬೀಳೋ ಕಡೆ ಹೊರಟ್ರಾ?"

"ಹೌದಪ್ಪ, ದಿನಾ ಹೋಗಿ ಬರ್ತೀನಿ" ಎಂದು ಅವಳು ಟಿಕೆಟ್ ಹರಿಸಿಕೊಂಡಿದ್ದಳು.

ಅದೇನೂ ಸುಳ್ಳಲ್ಲ. ದಿನದ ಬಹುಪಾಲನ್ನು ಅವಳು ಕಳೆಯುತ್ತಿದ್ದುದು ಸಂಶೋಧನಾಲಯದ ಕೋಲ್ಡ್ ರೂಮಿನಲ್ಲಿ. ಫ್ರಿಜ್ಜನ್ನೇ ಹಿಗ್ಗಿಸಿ ಬಾಗಿಲಿಟ್ಟಂಥ ಕೋಣೆ ಅದು. ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟು ಜಾಗ. ಆ ಇನ್ನೊಬ್ಬರು ಬಂದು ನಿಂತು ವರ್ಷಗಳಾಗಿದ್ದವು.

ಅಲ್ಲಿ ಎಲ್ಲರೂ ಅವಳನ್ನು ಉಪ್ಪಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಲು ಶುರು ಮಾಡಿದವರೆಲ್ಲ ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದು ಹೋದರು, ಹೆಸರು ಉಳಿಯಿತು. ಅವಳ ಕೆಲಸವೇ ಹಾಗಿತ್ತು. ಪದಾರ್ಥ ಕೆಡದಿರಲಿ ಎಂದು ಜನ ಉಪ್ಪು ಹಾಕುತ್ತಾರೆ; ಉಪ್ಪು ಬಿದ್ದ ಕಡೆ ಕಣ್ಣಿಗೆ ಕಾಣದ ಕ್ರಿಮಿಯೂ ಬಾಳುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳಲ್ಲಿ ಒಂದು ಹಟಮಾರಿ ಜಾತಿಯಿದೆ. ಅದಕ್ಕೆ ಉಪ್ಪೇ ಬೇಕು, ಅದೂ ಸಮುದ್ರದ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಿಹಿನೀರಿಗೆ ಹಾಕಿದರೆ ಒಡೆದು ಸಾಯುತ್ತದೆ. ಆ ಜಾತಿ ತನ್ನ ಹೊಟ್ಟೆಪಾಡಿಗೆಂದು ಒಂದು ಕಿಣ್ವವನ್ನು ಹೊರಗೆ ಬಿಡುತ್ತದೆ, ಆ ಕಿಣ್ವ ಸಿಕ್ಕ ಪ್ರೋಟೀನನ್ನೆಲ್ಲ ತುಂಡರಿಸಿ ಜೀರ್ಣಿಸುತ್ತದೆ. ಕೆನೆ ತೆಗೆದ ತೆಳು ಹಾಲಿಗೆ ಉಪ್ಪು ಬೆರೆಸಿ ಆ ಕಿಣ್ವದ ಒಂದು ತೊಟ್ಟು ಬಿಟ್ಟರೆ ಸಾಕು, ಬೆಳ್ಳಗಿದ್ದದ್ದು ನೋಡನೋಡುತ್ತಲೇ ನೀರಿನಂತೆ ತಿಳಿಯಾಗುತ್ತದೆ. ಹಾಲಿನ ಪ್ರೋಟೀನನ್ನು ಅದು ತಿಂದು ಮುಗಿಸಿರುತ್ತದೆ. ಈ ಆಟವನ್ನು ಎಷ್ಟು ಸಲ ನೋಡಿದರೂ ಉಪ್ಪಕ್ಕನಿಗೆ ಬೇಸರವಿರಲಿಲ್ಲ.

ಆ ಕಿಣ್ವವನ್ನು ಉಳಿದೆಲ್ಲದರಿಂದ ಬಿಡಿಸಿ, ಅದೊಂದನ್ನೇ ಶುದ್ಧವಾಗಿ ಹಿಡಿದು, ಅದರ ಗುಣಸ್ವಭಾವ ತಿಳಿಯಬೇಕು. ಎಷ್ಟು ಉಪ್ಪಿದ್ದರೆ ಚುರುಕು, ಎಷ್ಟು ಬಿಸಿ ತಡೆಯುತ್ತದೆ, ಹುಳಿಗೆ ಮುನಿಯುತ್ತದೋ ಕ್ಷಾರಕ್ಕೋ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ವಿಚಾರಿಸುವುದಿಲ್ಲ. ಹೇಳುವುದಕ್ಕೆ ಸುಲಭ, ಮಾಡಹೋದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬ್ಯಾಕ್ಟೀರಿಯಾ ಬೆಳೆದ ಗುಲಾಬಿ ಬಣ್ಣದ ನೀರಿನಲ್ಲಿ ನೂರಾರು ಬಗೆಯ ಪ್ರೋಟೀನು. ಹಂತಹಂತವಾಗಿ ಬೇಡದ್ದನ್ನು ಕಳೆಯುತ್ತ ಹೋಗಬೇಕು. ಪ್ರತಿ ಸಲವೂ ಬೇಡದ್ದರ ಜೊತೆ ಬೇಕಾದದ್ದೂ ಒಂದಿಷ್ಟು ಹೋಗುತ್ತದೆ. ಕೊನೆಗೆ ಕಾಲಮ್. ಅಂದರೆ ಎದೆಯೆತ್ತರದ ಒಂದು ಗಾಜಿನ ಕೊಳವೆ, ಅದರೊಳಗೆ ಮರಳಿಗಿಂತ ನಯವಾದ ಬಿಳಿ ಮಣಿಗಳು. ದ್ರವ ಆ ಮಣಿಗಳ ನಡುವೆ ಇಳಿಯುತ್ತ, ಒಂದೊಂದು ಪ್ರೋಟೀನೂ ಒಂದೊಂದು ಹೊತ್ತಿಗೆ ಕೆಳಗೆ ಬರುತ್ತದೆ. ಬುಡದಲ್ಲಿ ಹೆಬ್ಬೆರಳ ಗಾತ್ರದ ನಲ್ಲಿ. ಅದರಿಂದ ಬೀಳುವ ತೊಟ್ಟುಗಳನ್ನು ಪುಟ್ಟ ಗಾಜಿನ ನಳಿಕೆಗಳಲ್ಲಿ ಹಿಡಿಯಬೇಕು. ತಾನಾಗಿ ನಳಿಕೆ ಬದಲಿಸುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ, ಉಪ್ಪಕ್ಕನೇ ಕೂತು ಒಂದು ತುಂಬಿದರೆ ಇನ್ನೊಂದನ್ನು ಒಡ್ಡುತ್ತಿದ್ದಳು. ಬೆರಳು ಮರಗಟ್ಟಿದಾಗ ನಲ್ಲಿ ತಿರುಗಿಸಿ ನಿಲ್ಲಿಸಿ, ಹೊರಗೆ ಬಂದು ಒಂದು ಲೋಟ ಚಹಾ ಕುಡಿದು, ಮತ್ತೆ ಹೋಗಿ ನಲ್ಲಿ ಬಿಡುತ್ತಿದ್ದಳು.

ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಅಕ್ಕನ ಮನೆಯಲ್ಲಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವಳಿಗೆ ಎರಡನ್ನೂ ಕೊಟ್ಟವಳು ಅಕ್ಕನೇ. ಅಕ್ಕ, ಭಾವ ಇಬ್ಬರೂ ಕಡಲ ದಂಡೆಯಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಾರುವವರು. ಮನೆ ಹಿಂದಿನ ಕೊಟ್ಟಿಗೆಯಲ್ಲಿ ಉಪ್ಪುನೀರಿನ ದೊಡ್ಡ ಸಿಮೆಂಟ್ ತೊಟ್ಟಿ. ಕೆಲವು ಸಲ ಒಣಮೀನಿನ ಮೇಲೆ ಕೆಂಪು ಕೆಂಪಾಗಿ ಕಲೆ ಏಳುತ್ತಿತ್ತು, ಅಂಥ ಮೀನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಭಾವ ಬಯ್ದುಕೊಂಡು ಎಸೆಯುತ್ತಿದ್ದ. ರಜೆಗೆ ಬಂದಿದ್ದ ಉಪ್ಪಕ್ಕ ಒಮ್ಮೆ ತೊಟ್ಟಿಯ ಮೂಲೆಯಲ್ಲಿ ಕಟ್ಟಿದ್ದ ಅದೇ ಕೆಂಪನ್ನು ಕೆರೆದು ಶೀಶೆಗೆ ತುಂಬಿಕೊಂಡಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಕಸ ಹೊತ್ಕೊಂಡು ಹೋಗೋಕೆ ಇಷ್ಟೆಲ್ಲ ಓದಬೇಕಾಯ್ತಾ ಪುಟ್ಟಿ?"

ಆಮೇಲೆ ಅವಳು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಅಕ್ಕ ಫೋನ್ ಮಾಡಿ "ಯಾವಾಗ ಬರ್ತೀಯೇ?" ಎಂದರೆ ಉತ್ತರ ಒಂದೇ: "ಕಾಲಮ್ ಓಡ್ತಾ ಇದೆ ಅಕ್ಕ." ಕಾಲಮ್ ಎಂದರೇನು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಅದು ಓಡುತ್ತಿರುವಾಗ ಪುಟ್ಟಿ ಏಳುವಂತಿಲ್ಲ ಎಂಬುದಷ್ಟೇ ಗೊತ್ತಿತ್ತು. ಭಾವ ಹಿಂದಿನಿಂದ ಕೂಗುತ್ತಿದ್ದ: "ಎಷ್ಟು ವರ್ಷದಿಂದ ಓಡ್ತಿದೆ ಕಣೇ ಅದು! ಇಷ್ಟು ಹೊತ್ತಿಗೆ ನಮ್ಮನೆ ಬಾಗಿಲಿಗೇ ಬಂದು ಮುಟ್ಟಬೇಕಿತ್ತಲ್ಲ!"

ಆ ಭಾವನಿಗೇ ಒಂದು ದಿನ ಎದೆನೋವು ಬಂತು. ಅಕ್ಕನ ಫೋನ್ ಬಂದಾಗ ಉಪ್ಪಕ್ಕ ನಳಿಕೆ ಹಿಡಿದು ಕೂತಿದ್ದಳು.

"ಬೇಗ ಹೊರಡು ಪುಟ್ಟಿ. ನಿನ್ನನ್ನೇ ಕೇಳ್ತಾ ಇದಾರೆ."

ಕಿಣ್ವ ಇನ್ನೇನು ಕೆಳಗಿಳಿಯುವ ಹೊತ್ತು. ಬಾಯಿಗೆ ಅಭ್ಯಾಸವಾಗಿದ್ದ ಮಾತೇ ಬಂತು. "ಕಾಲಮ್ ಓಡ್ತಾ ಇದೆ ಅಕ್ಕ, ಮುಗಿದ ತಕ್ಷಣ ಹೊರಡ್ತೀನಿ."

ಕಾಲಮ್ ಮುಗಿದದ್ದು ಮರುದಿನ. ಅವಳು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದು, ಬಂದವರೂ ಚದುರಿದ್ದರು. ಅಕ್ಕ ಎಂದಿನಂತೆ ಊಟ ಬಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಅಕ್ಕ ಫೋನ್ ಮಾಡುವುದನ್ನೂ ಬಿಟ್ಟಳು. ಬರಿಗೈಯಲ್ಲಿ ಆ ಮನೆಯ ಮೆಟ್ಟಿಲು ಹತ್ತುವುದು ಹೇಗೆ ಎಂದು ಉಪ್ಪಕ್ಕನೂ ಹೋಗಲಿಲ್ಲ. ಆ ಕಿಣ್ವ ಒಂದು ಶೀಶೆಯಷ್ಟು ಶುದ್ಧವಾಗಿ, ಕಸುವು ಕಳೆದುಕೊಳ್ಳದೆ ಜೀವಂತವಾಗಿ ಕೈಗೆ ಬರಲಿ. ನಾಲ್ಕು ಜನ ಅದನ್ನು ಒಪ್ಪಲಿ. ಆಗ ಅಕ್ಕನ ಮುಂದೆ ಇಟ್ಟು, ನೋಡು, ಆ ದಿನ ನಾನು ಕೂತಿದ್ದು ಇದಕ್ಕೆ, ಸುಮ್ಮನೆ ಅಲ್ಲ, ಎನ್ನಬೇಕು. ಬದುಕಿನಲ್ಲಿ ಅವಳಿಗೆ ಉಳಿದಿದ್ದ ಆಸೆ ಇದೊಂದೇ.

ಆ ಆಸೆಗೂ ಗಡುವು ಬಂತು. ಹೊಸದಾಗಿ ಬಂದ ಮುಖ್ಯಸ್ಥರು ಅವಳನ್ನು ಕರೆದು ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದಾಗಲೇ ಅವಳಿಗೆ ಅರ್ಥವಾಗಿತ್ತು. "ನಿಮ್ಮ ಕೆಲಸ ಬೇಡ ಅಂತಲ್ಲ. ಆ ಕೋಣೆ ಬೇರೆಯವರಿಗೆ ಬೇಕಾಗಿದೆ. ಮಳೆಗಾಲ ಶುರುವಾಗೋ ಹೊತ್ತಿಗೆ ಬಿಟ್ಟುಕೊಡಿ. ಆಫೀಸಲ್ಲಿ ನಿಮಗೊಂದು ಮೇಜು ಇದ್ದೇ ಇರುತ್ತೆ." ದೂರದ ಇನ್ನೊಂದು ಸಂಶೋಧನಾಲಯದವರು ಅವಳ ಕಿಣ್ವದ ರಚನೆ ಬಿಡಿಸಿ ನೋಡಲು ಒಪ್ಪಿದ್ದರು. ಅವರದೂ ಒಂದೇ ಷರತ್ತು: ಶುದ್ಧವಿರಬೇಕು, ಸತ್ತಿರಬಾರದು.

ಮರುದಿನದಿಂದಲೇ ಕೂತಳು. ಎರಡು ಕಾಲಮ್ ದಾಟಿಸಿ, ಬಂದದ್ದನ್ನು ಜೆಲ್ ಎಂಬ ಮೆತ್ತನೆಯ ತೆಳು ಹಾಳೆಯ ಮೇಲೆ ಓಡಿಸಿ ಬಣ್ಣ ಹಾಕಿದಳು. ಎಷ್ಟು ಬಗೆಯ ಪ್ರೋಟೀನ್ ಇದೆಯೋ ಅಷ್ಟು ನೀಲಿ ಗೆರೆ ಅದರ ಮೇಲೆ ಮೂಡುತ್ತದೆ. ಮೊದಲೆಲ್ಲ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಬರುತ್ತಿದ್ದ ಕಡೆ, ಈ ಸಲ ದಪ್ಪನೆಯ ಒಂದೇ ಗೆರೆ. ಅವಳಿಗೆ ಕುಣಿಯುವಂತಾಯಿತು. ಯಾರಿಗಾದರೂ ಹೇಳಬೇಕಲ್ಲ! ಕಾರಿಡಾರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಗೇಟಿನವರೆಗೂ ಹೋಗಿ ವಾಚ್‌ಮನ್‌ಗೆ ತೋರಿಸಿದಳು.

ಅವನು ಆ ಮೆತ್ತನೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಒಂದೇ ಗೆರೆನಾ ಮೇಡಂ? ಇಷ್ಟು ವರ್ಷಕ್ಕೆ ಒಂದೇನಾ?"

"ಒಂದೇ ಬರಬೇಕಪ್ಪ, ಅದೇ ಕಷ್ಟ."

"ಅದರ ಕೆಳಗೆ ಇನ್ನೊಂದು ನೆರಳಿನ ಹಂಗೆ ಕಾಣ್ತದಲ್ಲ?"

ಕಾಣುತ್ತಿತ್ತು. ಅವಳೂ ನೋಡಿದ್ದಳು, ನೋಡಿಯೂ ನೋಡದಂತಿದ್ದಳು. ನಿವೃತ್ತರಾಗಿ ಮನೆ ಸೇರಿದ್ದ ಹಳೆಯ ಮೇಷ್ಟ್ರಿಗೆ ಫೋನ್ ಮಾಡಿದರೆ, "ಸಾಕು ಬಿಡು, ಹಾಗೇ ಕಳಿಸು. ಅತಿಯಾದ್ರೆ ಅಮೃತವೂ ವಿಷ" ಎಂದರು. ಅವಳಿಗೆ ಮನಸ್ಸು ಒಪ್ಪಲಿಲ್ಲ. ಅಕ್ಕನ ಮುಂದೆ ಇಡುವ ಶೀಶೆಯಲ್ಲಿ ನೆರಳಾದರೂ ಯಾಕಿರಬೇಕು? ಮೂರನೆಯ ಕಾಲಮ್ ಕಟ್ಟಿದಳು. ನೆರಳು ಹೋಯಿತು. ಶೀಶೆಯನ್ನು ಐಸಿನಲ್ಲಿಟ್ಟು, ಅಪರೂಪಕ್ಕೆ ರಜೆಯ ದಿನ ರಜೆ ತೆಗೆದುಕೊಂಡಳು.

ರಜೆಯೆಂದರೆ ಏನು ಮಾಡುವುದೆಂದು ಅವಳಿಗೆ ಮರೆತೇಹೋಗಿತ್ತು. ಮಹಡಿಯ ಮೇಲಿನ ಒಂದೇ ಕೋಣೆಯ ಬಾಡಿಗೆ ಮನೆ. ಒಂದು ಮಂಚ, ಒಂದು ತಟ್ಟೆ, ಎರಡು ಲೋಟ. ಎರಡನೆಯ ಲೋಟ ಹಲ್ಲುಜ್ಜುವ ಬ್ರಷ್ಷಿಗೆ. ಒಂದು ಕಾಲದಲ್ಲಿ ಗೆಳತಿಯರಿದ್ದರು, ಮದುವೆಯ ಮಾತೂ ಬಂದಿತ್ತು. ಯಾವುದನ್ನೂ ಅವಳು ಬೇಡವೆಂದು ದೂಡಿದ್ದಲ್ಲ, ಪ್ರತಿಯೊಂದಕ್ಕೂ ಆಮೇಲೆ ಎಂದಿದ್ದಳು ಅಷ್ಟೆ. ಕಿಟಕಿಯಲ್ಲಿ ಕೂತು ಎದುರು ಮನೆಯವರು ಬಟ್ಟೆ ಒಣಹಾಕುವುದನ್ನು ನೋಡಿದಳು. ಸಂಜೆ ಗಂಟಲು ಸರಿಮಾಡಿಕೊಂಡು, ಬೆಳಗಿನಿಂದ ಮಾತೇ ಆಡಿಲ್ಲವಲ್ಲ ಎಂದುಕೊಂಡಳು.

ಮರುದಿನ ಹಾಲಿಗೆ ಒಂದು ತೊಟ್ಟು ಬಿಟ್ಟು ಕಾದಳು. ಹಾಲು ಬೆಳ್ಳಗೇ ಇತ್ತು. ಇನ್ನೊಂದು ತೊಟ್ಟು. ಮತ್ತೂ ಬೆಳ್ಳಗೆ. ಜೆಲ್ ಓಡಿಸಿದರೆ ದಪ್ಪ ಗೆರೆಯಿದ್ದಲ್ಲಿ ಏನೂ ಇಲ್ಲ, ಕೆಳತುದಿಯಲ್ಲಿ ಚೂರುಪಾರು ಮಸಿಬಳಿದಂತೆ. ಏನಾಗಿದೆಯೆಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಪ್ರೋಟೀನನ್ನು ತಿನ್ನುವ ಆ ಕಿಣ್ವವೂ ಒಂದು ಪ್ರೋಟೀನೇ ತಾನೆ. ನೆರಳಿನಂತಿದ್ದ ಆ ಇನ್ನೊಂದು, ಅದಕ್ಕೆ ಅಂಟಿಕೊಂಡು ಅದರ ಬಾಯಿಗೆ ಅಡ್ಡವಾಗಿ ಕೂತಿತ್ತು. ಕೊಳೆ ಎಂದು ಅದನ್ನೂ ತೊಳೆದ ಮೇಲೆ, ಸುತ್ತ ಏನೂ ಇಲ್ಲದೆ ಒಂಟಿಯಾಗಿ ಉಳಿದ ಕಿಣ್ವ ತನ್ನನ್ನೇ ತಾನು ತಿಂದು ಮುಗಿಸಿತ್ತು. ಗುಲಾಬಿ ಬಣ್ಣದ ಕಲಬೆರಕೆ ನೀರಿನಲ್ಲಾದರೆ ತಿಂಗಳುಗಟ್ಟಲೆ ಕೆಡದೆ ಇರುತ್ತಿತ್ತು. ಉಪ್ಪಕ್ಕ ಅಲ್ಲೇ ಕೂತು ಅತ್ತಳು. ಕೋಲ್ಡ್ ರೂಮಿನಲ್ಲಿ ಅತ್ತರೆ ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಅದನ್ನು ಒರೆಸಿಕೊಳ್ಳುವುದೂ ಒಂದು ಕೆಲಸವಾಯಿತು.

ಹೊಸದಾಗಿ ಬೆಳೆಸೋಣವೆಂದರೆ ಅದಕ್ಕೂ ತೊಡಕು. ಕಾದಿಟ್ಟಿದ್ದ ಹಳೆಯ ಬ್ಯಾಕ್ಟೀರಿಯಾ ಇದೇ ಸಲಕ್ಕೆ ಮುಗಿದಿತ್ತು. ಮತ್ತೆ ಮತ್ತೆ ಬೆಳೆಸುತ್ತ ಬಂದಿದ್ದ ತಳಿ, ಕೂತಲ್ಲೇ ಊಟ ಸಿಕ್ಕಿದ್ದಕ್ಕೋ ಏನೋ, ಕಿಣ್ವ ಬಿಡುವುದನ್ನೇ ಮರೆತು ಸೋಮಾರಿಯಾಗಿತ್ತು. ಉಳಿದ ದಾರಿ ಒಂದೇ, ಅಕ್ಕನ ಮನೆಯ ತೊಟ್ಟಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅವಳು ಬಸ್ಸು ಹತ್ತಿದಳು.

ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ತಂಗಿಯನ್ನು ನೋಡಿ, "ಬಾ ಒಳಗೆ" ಎಂದು ನೀರು ಕೊಟ್ಟಳು. ನೀರು ಕುಡಿದು ಮುಗಿದ ಮೇಲೆ ಕೇಳಿದಳು: "ನನ್ನ ನೋಡೋಕೆ ಬಂದ್ಯಾ, ಏನಾದ್ರೂ ಬೇಕಾಗಿತ್ತಾ?"

ಸುಳ್ಳು ಹೇಳಬಹುದಿತ್ತು. "ತೊಟ್ಟಿಯ ಉಪ್ಪು ಬೇಕಾಗಿತ್ತು ಅಕ್ಕ" ಎಂದಳು ಉಪ್ಪಕ್ಕ. "ಆ ಕೆಂಪು ಬರ್ತಿತ್ತಲ್ಲ, ಅದು. ಇನ್ನೂ ಇದ್ಯಾ?"

ಅಕ್ಕ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಈಗ ಸ್ವಲ್ಪ ಸ್ವಲ್ಪ ಮೀನು ಮಾತ್ರ ಹಾಕುತ್ತಿದ್ದಳಂತೆ. ತೊಟ್ಟಿ ಉಜ್ಜಿ ತೊಳೆದು ಬೆಳ್ಳಗಿತ್ತು, ಒಂದು ಮೂಲೆ ಬಿಟ್ಟು. ಆ ಮೂಲೆಯಲ್ಲಿ ಅಂಗೈಯಗಲ ಉಪ್ಪು ಗಟ್ಟಿಯಾಗಿ, ಕೆಂಪಗೆ ಕೂತಿತ್ತು.

"ನೀನು ಮೊದಲನೇ ಸಲ ಕೆರ್ಕೊಂಡು ಹೋದ್ಯಲ್ಲ, ಅವತ್ತಿಂದ ಆ ಮೂಲೆ ತೊಳೆದಿಲ್ಲ" ಎಂದಳು ಅಕ್ಕ. "ಮತ್ತೆ ಬೇಕಾದ್ರೆ ಬರ್ತೀಯೇನೋ ಅಂತ. ಅದರ ದೆಸೆಯಿಂದ ಎಷ್ಟೋ ಸಲ ಮೀನು ಕೆಡ್ತು. ನಿಮ್ಮ ಭಾವ ಬಯ್ಯೋರು. ಆದ್ರೂ ಮುಟ್ಟಲಿಲ್ಲ."

ಉಪ್ಪಕ್ಕ ಏನೋ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಕೈ ಆಗಲೇ ಚೀಲದಿಂದ ಚಮಚ, ಶೀಶೆ ಹುಡುಕುತ್ತಿತ್ತು. ಈ ಬ್ಯಾಕ್ಟೀರಿಯಾ ಉಪ್ಪಿನ ಹರಳಿನೊಳಗೆ ವರ್ಷಗಟ್ಟಲೆ ಕಾಯಬಲ್ಲದು, ಒಂದು ರಾತ್ರಿ ತಡವಾದರೆ ಏನೂ ಆಗುತ್ತಿರಲಿಲ್ಲ. ಅದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಇನ್ಯಾರೂ ಇಲ್ಲ. ಆದರೂ ಸಂಜೆಯ ಬಸ್ಸಿಗೇ ಹೊರಟಳು. ಅಕ್ಕ ಇರು ಎನ್ನಲಿಲ್ಲ.

ತೊಟ್ಟಿಯ ತಳಿ ಹುರುಪಿನಿಂದ ಬೆಳೆಯಿತು. ಈ ಸಲ ಎರಡೇ ಕಾಲಮ್, ನೆರಳನ್ನು ಮುಟ್ಟುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದಳು. ಎರಡನೆಯದು ಅರ್ಧ ಓಡಿತ್ತು, ಕಿಣ್ವ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಕೋಣೆಗೆ ಹೊಸ ಕಪಾಟು ಮಾಡುವ ಬಡಗಿ ಟೇಪು ಹಿಡಿದು ಬಂದ. "ನೀವು ಆಚೆ ಬಂದ್ರೆ ಅಳತೆ ತಗೊಳ್ತೀನಿ ಮೇಡಂ." ಒಳಗೆ ಇಬ್ಬರಿದ್ದರೆ ಟೇಪು ಬಿಡಿಸಲು ಜಾಗ ಸಾಲದು. ಅವಳು ನಲ್ಲಿ ತಿರುಗಿಸಿ ಹೊರಗೆ ಬಂದಳು. ಅವನ ಅಳತೆ, ಅವನ ಊಟ, ಮತ್ತೆ ಅಳತೆ. ಆ ದಿನ ಅಲ್ಲಿಗೇ ಮುಗಿಯಿತು. ಮರುದಿನ ಬಂದು ನಲ್ಲಿ ಬಿಟ್ಟಳು. ತೊಟ್ಟು ಬೀಳತೊಡಗಿತು. ಕಿಣ್ವ ತನ್ನ ಹೊತ್ತಿಗೆ, ತನ್ನ ಜಾಗದಲ್ಲಿ, ಏನೂ ಆಗಿಲ್ಲವೆಂಬಂತೆ ಇಳಿದು ಬಂತು. ಹಾಲು ತಿಳಿಯಾಯಿತು. ಗೆಲುವಿನಿಂದ ಕುಣಿಯಬೇಕಾದವಳು ಆ ಪುಟ್ಟ ನಲ್ಲಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ದೂರದವರಿಂದ ಫೋನ್ ಬಂತು. ಶೀಶೆ ಜೀವಂತವಾಗಿ ತಲುಪಿದೆ, ಇಂಥ ಕಿಣ್ವವನ್ನು ತಾವು ಇದುವರೆಗೆ ಕಂಡಿಲ್ಲ, ಅವಳ ಹೆಸರಿನಲ್ಲೇ ಪ್ರಕಟವಾಗಲಿ ಎಂದರು. ಕೋಲ್ಡ್ ರೂಮಿನ ಬೀಗದಕೈ ಕೊಟ್ಟ ದಿನ, ಉಳಿದಿದ್ದ ಒಂದು ಪುಟ್ಟ ಶೀಶೆಯನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಅವಳು ಮತ್ತೆ ಕಡಲ ದಂಡೆಯ ಬಸ್ಸು ಹತ್ತಿದಳು. ಈ ಸಲ ಕೈ ಬರಿದಾಗಿರಲಿಲ್ಲ.

ಅಕ್ಕನ ಅಡುಗೆಮನೆಯಲ್ಲಿ ಗಾಜಿನ ಲೋಟಕ್ಕೆ ತೆಳು ಹಾಲು ಬಿಟ್ಟು, ಉಪ್ಪು ಕದಡಿ, ಶೀಶೆಯಿಂದ ನಾಲ್ಕು ತೊಟ್ಟು ಹಾಕಿದಳು. ಇಬ್ಬರೂ ಲೋಟದ ಎರಡು ಕಡೆ ಕೂತು ನೋಡಿದರು. ಹಾಲು ಮೆಲ್ಲಗೆ ತಿಳಿಯಾಯಿತು. ಆಚೆ ಕೂತ ಅಕ್ಕನ ಮುಖ ಈಚೆ ಕಾಣಿಸಿತು.

"ಇದಾ, ಅವತ್ತು ನೀನು ಮಾಡ್ತಿದ್ದಿದ್ದು?"

"ಹೂಂ ಅಕ್ಕ. ಇದೇ."

"ಚೆನ್ನಾಗಿದೆ" ಎಂದಳು ಅಕ್ಕ. ಮನಸಾರೆ ಎಂದಳು. "ಒಂದು ಕೇಳ್ಲಾ? ತುಂಬಾ ದಿನದಿಂದ ಕೇಳಬೇಕು ಅಂತಿದ್ದೆ. ಆ ಕಾಲಮ್ಮು ಒಂದ್ಸಲ ಓಡೋಕೆ ಶುರುವಾದ್ರೆ ನಿಲ್ಲಿಸೋಕೇ ಆಗಲ್ಲ ಅಲ್ವಾ? ನಿಮ್ಮ ಭಾವಂಗೆ ಹಾಗೇ ಹೇಳಿದ್ದೆ. ಆಪರೇಷನ್ ಇದ್ದ ಹಾಗೆ, ಮಧ್ಯ ಬಿಟ್ಟು ಏಳೋಕಾಗಲ್ಲ ಅಂತ. 'ಹಾಗಾದ್ರೆ ಪಾಪ, ಹೇಗೆ ಬರ್ತಾಳೆ ಬಿಡು' ಅಂದ್ರು. ಅವರು ಆಡಿದ ಕೊನೇ ಮಾತು ಅದೇ."

ಹೌದು ಅಕ್ಕ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಕ್ಕ ನಂಬುತ್ತಿದ್ದಳು, ನಂಬಿಯೇ ಇಷ್ಟು ವರ್ಷ ಬದುಕಿದ್ದಳು. ಉಪ್ಪಕ್ಕ ತಿಳಿಯಾದ ಲೋಟವನ್ನೇ ನೋಡುತ್ತ ಕೂತಳು.

"ಆಗುತ್ತೆ ಅಕ್ಕ" ಎಂದಳು ಕೊನೆಗೆ. "ಕೆಳಗೆ ಒಂದು ನಲ್ಲಿ ಇರುತ್ತೆ. ತಿರುಗಿಸಿದ್ರೆ ನಿಲ್ಲುತ್ತೆ. ಒಂದಿನ ಬಿಟ್ಟು ಬಂದ್ರೂ ಏನೂ ಆಗಲ್ಲ."

ಅಕ್ಕ ಅವಳ ಮುಖ ನೋಡಲಿಲ್ಲ. ಉಪ್ಪಿಗೆ ಸುಕ್ಕುಗಟ್ಟಿದ ತನ್ನ ಕೈಯನ್ನು ಎತ್ತಿ, ಹೆಬ್ಬೆರಳು ತೋರುಬೆರಳು ಜೋಡಿಸಿ, ಗಾಳಿಯಲ್ಲಿ ಒಮ್ಮೆ ತಿರುಗಿಸಿದಳು.

"ಹೀಗಾ?"

"ಹೀಗೇ ಅಕ್ಕ."

"ಅಷ್ಟೇನಾ" ಎಂದಳು ಅಕ್ಕ. ಕೈ ಇನ್ನೂ ಹಾಗೇ ಇತ್ತು.